ಸವಳು ಅಂದ ಕೂಡಲೇ ಜಿಪ್ಸಂ ಅಂಗಡಿಗೆ ಓಡಬೇಡಿ

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಎರೆ ಹೊಲ. ಕಾಲುವೆ ನೀರಲ್ಲಿ ಭತ್ತ ಬೆಳೆಯುತ್ತೇವೆ. ಎರಡು ವರ್ಷದಿಂದ, ಪ್ರತಿ ಸಲ ಕಾಲುವೆ ನೀರು ಬಂದ್ ಆದ ಮೇಲೆ, ನೆಲದ ಮೇಲೆ ಬಿಳಿ ಪುಡಿ ಏಳುತ್ತಿದೆ. ಅಂಗಡಿಯವರು ಜಿಪ್ಸಂ ಹಾಕಿ ಅಂದರು. ಹಾಕಲೇ?

ಉತ್ತರ: ಈಗಲೇ ಬೇಡ. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ. ಪ್ರತಿ ಸಲವೂ ಸಲಹೆ ಕೊಟ್ಟವರು ಅಂಗಡಿಯವರೇ. ಮಣ್ಣು ಪರೀಕ್ಷೆಯ ಚೀಟಿ ಮಾತ್ರ ಯಾರ ಕೈಯಲ್ಲೂ ಇರಲ್ಲ. ಇದನ್ನು ನೋಡಿ ನೋಡಿ ಬೇಸರವಾಗಿದೆ.

ಸವಳು ಅಂದರೆ ಉಪ್ಪು ಅಥವಾ ಸೋಡಿಯಂ ಹೆಚ್ಚಾಗಿ ಕೆಟ್ಟ ಮಣ್ಣು. ಬಿಳಿ ಪುಡಿ ಸಾಮಾನ್ಯವಾಗಿ ಉಪ್ಪಿನ ಸವಳಿನ ಗುರುತು. ಜಿಪ್ಸಂ ಬೇಕಾಗುವುದು ಸೋಡಿಯಂ ಹಿಡಿದ ಕ್ಷಾರ ಮಣ್ಣಿಗೆ: ರಸಸಾರ (pH) 8.5 ದಾಟಿರಬೇಕು, ಮಣ್ಣಿಗೆ ಅಂಟಿದ ಸೋಡಿಯಂ ಶೇ. 15 ಮೀರಿರಬೇಕು. ಅಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಬಿಡಿಸುತ್ತದೆ. ಬರೀ ಉಪ್ಪಿನ ಹೊಲಕ್ಕೆ ಸುರಿದರೆ ದುಡ್ಡು ದಂಡ.

ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಗಾಜಿನ ಬಾಟಲಿಗೆ ಒಂದು ಹಿಡಿ ಒಣ ಮಣ್ಣು ಹಾಕಿ, ಮಳೆ ನೀರು ತುಂಬಿ ಅಲುಗಾಡಿಸಿ ಇಡಿ. ಬೋರ್ ನೀರು ಬೇಡ. ಉಪ್ಪಿನ ಮಣ್ಣಾದರೆ ಕೆಸರು ಬೇಗ ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾಗುತ್ತದೆ. ಸೋಡಿಯಂ ಮಣ್ಣಾದರೆ ಮರುದಿನವೂ ನೀರು ಬಗ್ಗಡವಾಗಿಯೇ ಇರುತ್ತದೆ. ಎರಡೂ ಸೇರಿರುವ ಹೊಲಗಳೂ ಇವೆ, ಅಲ್ಲಿ ಬಾಟಲಿ ಮೋಸ ಮಾಡುತ್ತದೆ. ಹಾಗಾಗಿ ಪರೀಕ್ಷೆ ಬಿಡಬೇಡಿ. ಮೇಲುಮಣ್ಣಿನ ಜೊತೆ ಎರಡಡಿ ಆಳದ ಮಣ್ಣನ್ನೂ ಬೇರೆ ಚೀಲದಲ್ಲಿ ಕೊಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೇ ಕೆಲಸ ನಡೆಯುತ್ತದೆ, ಅಲ್ಲಿ ಕೇಳಿ.

ಉಪ್ಪು ಎಲ್ಲಿಂದ ಬಂತು? ಕೆಳಗಿನ ನೀರು ಮೇಲೇರಿದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ನೆಲದ ಮೇಲೆ ಉಳಿಯುತ್ತದೆ. ನಿಮ್ಮ ಭಾಗಕ್ಕೆ ನೀರು ಕೊಡುವ ತುಂಗಭದ್ರಾ ಎಡದಂಡೆ ಕಾಲುವೆ ಯೋಜಿಸಿದ್ದೇ ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ನಾವು ಎಲ್ಲೆಡೆ ಭತ್ತಕ್ಕೆಂದು ಹೊಲದಲ್ಲಿ ನೀರು ಕಟ್ಟಿ ನಿಲ್ಲಿಸಿದೆವು. ಆದ್ದರಿಂದ ಮೊದಲು ಬಸಿಗಾಲುವೆ ನೋಡಿ. ಜಾಲಿ, ಆಪು ಬೆಳೆದು ಮುಚ್ಚಿದ್ದರೆ ಅಕ್ಕಪಕ್ಕದವರನ್ನು ಸೇರಿಸಿಕೊಂಡು ತೆಗೆಸಿ. ಆಮೇಲೆ ಒಳ್ಳೆ ನೀರು ನಿಲ್ಲಿಸಿ, ಉಪ್ಪನ್ನು ಕೆಳಗೆ ಬಸಿಯಲು ಬಿಡಿ. ಬಸಿಯಲು ದಾರಿ ಇಲ್ಲದಿದ್ದರೆ ಜಿಪ್ಸಂ ಕೂಡ ಕೆಲಸ ಮಾಡಲ್ಲ.

ಪ್ರಶ್ನೆ: ಹದಿನೈದು ದಿನದಲ್ಲಿ ಸವಳು ತೆಗೆಯುವ ಔಷಧಿ ಬಾಟಲಿ ಬಂದಿದೆಯಂತೆ, ನಿಜವೇ?

ಉತ್ತರ: ಸುಳ್ಳು. ಮಾರುವವರನ್ನು ಹೊಲದ ಹತ್ತಿರಕ್ಕೂ ಬಿಡಬೇಡಿ.

ಪ್ರಶ್ನೆ: ಭತ್ತ ಇನ್ನೂ ಹಸಿರಾಗಲು ಮತ್ತೊಂದು ಚೀಲ ಯೂರಿಯಾ ಹಾಕಬಹುದೇ?

ಉತ್ತರ: ಬೇಡ. ಯೂರಿಯಾ ಜಾಸ್ತಿಯಾದರೆ ಭತ್ತದ ರಸ ಹೀರುವ ಕಂದು ಜಿಗಿಹುಳು ಹೆಚ್ಚುತ್ತದೆ.