ಆಪ್ತಸಲಹೆ ಪ್ರಕರಣ: ಎರಡು ರೋಸ್ಟರ್‌ಗಳ ಮನೆ

ಬಳ್ಳಾರಿ ಜಿಲ್ಲೆಯವರು ವಿಮಾನ ಹತ್ತಬೇಕೆಂದರೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೇ ಹೋಗಬೇಕು. ಜನರ ಬಾಯಲ್ಲಿ ಅದು ಜಿಂದಾಲ್ ಏರ್‌ಪೋರ್ಟು. ಅಲ್ಲಿ ಕೌಂಟರ್ ಹಿಂದೆ ನಿಲ್ಲುವವರು ಬೆರಳೆಣಿಕೆಯ ಮಂದಿ. ಹಾಗಾಗಿ ಈ ಪ್ರಕರಣದಲ್ಲಿ ಹೆಸರೊಂದನ್ನೇ ಬದಲಿಸಿದರೆ ಸಾಲದು. ವಯಸ್ಸು, ಓಣಿ, ಮನೆಯ ಕೆಲವು ವಿವರ, ಕೆಲವು ಸಂದರ್ಭ ಎಲ್ಲವನ್ನೂ ಗುರುತು ಸಿಗದಂತೆ ತಿದ್ದಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ ಮೇಲೆಯೇ ಪ್ರಕಟಿಸುತ್ತಿದ್ದೇನೆ. ಆಕೆಯನ್ನು ಸುಜಾತ ಎನ್ನೋಣ, ಗಂಡನನ್ನು ವೀರೇಶ.

ಸುಜಾತಗೆ ಮೂವತ್ತರ ಆಸುಪಾಸು. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಗಿ ಓದು ಅಲ್ಲಿಗೇ ನಿಂತಿತು. ಈಗ ವಿಮಾನ ಕಂಪನಿಯೊಂದರಲ್ಲಿ ಗ್ರೌಂಡ್ ಸ್ಟಾಫ್. ಚೆಕ್-ಇನ್, ಲಗೇಜು ತೂಗುವುದು, ಟ್ಯಾಗ್ ಹಾಕುವುದು, ಬೋರ್ಡಿಂಗ್ ಕೂಗುವುದು, ವೀಲ್‌ಚೇರ್ ತಳ್ಳುವುದು, ಎಲ್ಲವೂ ಅವಳ ಪಾಲಿಗೆ ಬರುತ್ತವೆ. ಸಣ್ಣ ನಿಲ್ದಾಣದಲ್ಲಿ ಇದು ನನ್ನ ಕೆಲಸ, ಅದು ನಿನ್ನ ಕೆಲಸ ಎಂಬ ಗೆರೆ ಇರುವುದಿಲ್ಲ. ವೀರೇಶ ಅದೇ ಕಡೆಯ ಉಕ್ಕಿನ ಕಾರ್ಖಾನೆಯಲ್ಲಿ ಎ, ಬಿ, ಸಿ ಶಿಫ್ಟಿನ ಕೆಲಸಗಾರ. ಮನೆ ಬಳ್ಳಾರಿಯಲ್ಲಿ. ಜೊತೆಗೆ ವೀರೇಶನ ತಾಯಿ ಮತ್ತು ಯುಕೆಜಿ ಓದುವ ಮಗಳು.

ಮೊದಲ ಸಲ ಸುಜಾತ ಒಬ್ಬಳೇ ಬಂದಳು, ಡ್ಯೂಟಿ ಮುಗಿಸಿ ನೇರವಾಗಿ. ತುರುಬಿನ ಬಲೆಯನ್ನೂ ಬಿಚ್ಚಿರಲಿಲ್ಲ. ಕೂತವಳೇ, "ಮೇಡಂ, ನಾನು ಕ್ಲಾಸಿಗೆ ಹೋಗೋದು ತಪ್ಪೋ ಸರಿಯೋ ಹೇಳಿಬಿಡ್ರಿ, ಅಷ್ಟು ಸಾಕು" ಎಂದಳು. ಪಂಚಾಯ್ತಿ ಮಾಡಿಸಲು ಬರುವವರು ನಮ್ಮಲ್ಲಿ ಹೆಚ್ಚು. ಹೆಂಡತಿ ಪರ ತೀರ್ಪು ಕೊಟ್ಟರೆ ಗಂಡ ಮತ್ತೆ ಬರುವುದಿಲ್ಲ, ಗಂಡನ ಪರ ಕೊಟ್ಟರೆ ಹೆಂಡತಿ ಮನೆಗೆ ಹೋಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ನಾನು ತೀರ್ಪು ಕೊಡಲಿಲ್ಲ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನಾಯಿತು ಹೇಳಮ್ಮ ಎಂದೆ.

ಬೆಳಗಿನ ಡ್ಯೂಟಿ ಇದ್ದರೆ ನಾಲ್ಕಕ್ಕೆ ಏಳುತ್ತಾಳೆ. ಮಗಳ ಡಬ್ಬಿ, ಅತ್ತೆಯ ಬಿಪಿ ಮಾತ್ರೆ ತೆಗೆದಿಡುವುದು, ಆಮೇಲೆ ಹೊಸಪೇಟೆ ಬಸ್ಸು. ಕುಡತಿನಿ ದಾಟುವಾಗ ಅದಿರು ಲಾರಿಗಳ ಸಾಲು ಸಿಕ್ಕಿತೆಂದರೆ ಗಡಿಯಾರ ನೋಡುತ್ತ ಕೂರುವುದೇ ಕೆಲಸ. ಅಲ್ಲಿ ಹೋದ ಮೇಲೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಮಂಜು ಮಳೆ ಎಂದರೆ ಇಲ್ಲಿಯ ವಿಮಾನ ತಡ, ವಿಮಾನ ತಡವೆಂದರೆ ಇವಳ ಡ್ಯೂಟಿಯೂ ಉದ್ದ. ಸಿಟ್ಟಾದ ಪ್ರಯಾಣಿಕರ ಮುಂದೆ ನಗುತ್ತ ನಿಂತು ಬಂದವಳಿಗೆ ಮನೆಯಲ್ಲಿ ನಗಲು ಮುಖದಲ್ಲಿ ಏನೂ ಉಳಿದಿರುವುದಿಲ್ಲ. ಸಂಜೆ ಆರೂವರೆಯಿಂದ ಎಂಟರವರೆಗೆ ಬೆಂಗಳೂರು ರಸ್ತೆಯ ಕಡೆ ಒಂದು ಮಹಡಿಯಲ್ಲಿ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್) ಮತ್ತು ಜಿಎಸ್‌ಟಿ ಕ್ಲಾಸು. ಎಂಟೂವರೆಗೆ ಮನೆ. ವೀರೇಶನಿಗೆ ಸಿ ಶಿಫ್ಟು, ಅಂದರೆ ರಾತ್ರಿ ಪಾಳಿ, ಇದ್ದರೆ ಅಷ್ಟೊತ್ತಿಗೆ ಅವನು ಶೂ ಹಾಕಿಕೊಳ್ಳುತ್ತಿರುತ್ತಾನೆ.

"ನಮ್ಮ ಮಾತೆಲ್ಲ ಬಾಗಿಲಲ್ಲೇ ಆಗ್ತದ ಮೇಡಂ. ಜಗಳಾನೂ ಬಾಗಿಲಲ್ಲೇ."

ಟ್ಯಾಲಿ ಯಾಕೆ ಎಂದು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ ಈ ಪ್ರಕರಣದ ಬೇರು. ಉಡಾನ್ ಯೋಜನೆಯಲ್ಲಿ ಸಣ್ಣ ಊರಿನ ಮಾರ್ಗಕ್ಕೆ ಸರ್ಕಾರ ವಿಮಾನ ಕಂಪನಿಗೆ ತುಂಬಿಕೊಡುವ ನಷ್ಟದ ಹಣ ಮೂರು ವರ್ಷಕ್ಕೆ ಸೀಮಿತ. ಆಮೇಲೆ ಸೀಟು ತುಂಬಿದರೆ ವಿಮಾನ, ಇಲ್ಲದಿದ್ದರೆ ಇಲ್ಲ. ತೋರಣಗಲ್ಲಿನಿಂದ 2017ರಲ್ಲಿ ಈ ಯೋಜನೆಯ ಹಾರಾಟ ಶುರುವಾದ ಮೇಲೆ ನಡುವೆ ನಿಂತದ್ದೂ ಇದೆ, ಬೇರೆ ಕಂಪನಿ ಬಂದು ಮತ್ತೆ ಶುರುವಾದದ್ದೂ ಇದೆ. ನಿಂತಾಗ ಜೊತೆಗಿದ್ದವರು ಏನಾದರು ಎಂಬುದನ್ನು ಸುಜಾತ ನೋಡಿದ್ದಾಳೆ. ಒಬ್ಬಳು ಬೆಂಗಳೂರಿಗೆ ಹೋದಳು, ಇನ್ನೊಬ್ಬಳು ಮನೆಯಲ್ಲೇ ಉಳಿದಳು. ಬಳ್ಳಾರಿ ಬಿಟ್ಟು ಹೋಗಲಾಗದವಳಿಗೆ ಇಲ್ಲೇ ಸಿಗುವ ಕೆಲಸ ಯಾವುದು ಎಂದು ಲೆಕ್ಕ ಹಾಕಿದ್ದಾಳೆ. ಊರ ತುಂಬ ಜೀನ್ಸ್ ಹೊಲಿಯುವ ಘಟಕಗಳು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಖು ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ 3ಬಿ. ಆ ದಿನಗಳು ಹತ್ತಿರ ಬಂದಾಗ ಲೆಕ್ಕ ಬಲ್ಲವರಿಗಾಗಿ ಮಾಲೀಕರು ಹುಡುಕಾಡುತ್ತಾರೆ. ಇದು ಕನಸಿನ ಮಾತಲ್ಲ, ಪೂರ್ತಿ ವ್ಯವಹಾರದ ಯೋಚನೆ. ಕ್ಲಾಸಿನ ಫೀಸನ್ನೂ ಹಾಗೇ ಹೊಂದಿಸಿದ್ದಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಚಾರ್ಜು ಉಳಿಯತೊಡಗಿದಾಗಿನಿಂದ ಆ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಹಾಕುತ್ತ ಬಂದಿದ್ದಳಂತೆ.

ಇಷ್ಟು ಮುಂದಾಲೋಚನೆ ಇರುವವಳು ಇದನ್ನೆಲ್ಲ ಗಂಡನಿಗೆ ಯಾವಾಗ ಹೇಳಿದಳು? ಹೇಳಿರಲಿಲ್ಲ. "ಟ್ಯಾಲಿ ಸೇರ್ಕೊಂಡೀನಿ" ಎಂದಿದ್ದಳು, ಸೇರಿದ ಮೇಲೆ.

ಆಕೆಯೊಬ್ಬಳನ್ನೇ ಕೂರಿಸಿಕೊಂಡು ಬೇರೆ ಪ್ರಶ್ನೆಗಳನ್ನೂ ಕೇಳಿದೆ. ಕೈ ಮಾಡುತ್ತಾರಾ, ಫೋನ್ ಕಿತ್ತುಕೊಂಡು ನೋಡುತ್ತಾರಾ, ಸಂಬಳ ಕಸಿದುಕೊಳ್ಳುತ್ತಾರಾ, ಮನೆಯಲ್ಲಿ ಹೆದರಿಕೆ ಆಗುತ್ತದಾ. ದಂಪತಿಯನ್ನು ಒಟ್ಟಿಗೆ ಕೂರಿಸುವ ಮೊದಲು ಇವನ್ನು ಕೇಳಲೇಬೇಕು. ಹೊಡೆತ ಇರುವ ಮನೆಗೆ ಹೊಂದಾಣಿಕೆಯ ಸಲಹೆ ಕೊಡುವುದು ಅಪಾಯ, ಅಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವ ದಾರಿಯೇ ಬೇರೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಒಂದು ಸಂಗತಿ ಹೇಳುವಾಗ ದನಿ ಇಳಿಸಿದಳು. ಒಂದು ಸಂಜೆ ಕ್ಲಾಸಿನ ಕಿಟಕಿಯಿಂದ ಕೆಳಗೆ ನೋಡಿದಾಗ ವೀರೇಶ ಎದುರಿನ ಒಗ್ಗರಣಿ ಮಿರ್ಚಿ ಅಂಗಡಿ ಮುಂದೆ ಬೈಕ್ ನಿಲ್ಲಿಸಿಕೊಂಡು ಮೇಲೆ ನೋಡುತ್ತಿದ್ದ. ಕ್ಲಾಸು ಬಿಡುವ ಹೊತ್ತಿಗೆ ಇರಲಿಲ್ಲ. ಮನೆಗೆ ಬಂದು ಇವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವತ್ತಿನಿಂದ ಇಬ್ಬರ ನಡುವೆ ಅದು ಕೂತಿತ್ತು.

ಹೊರಡುವಾಗ ಆಕೆಗೆ ಒಂದೇ ಕೆಲಸ ಕೊಟ್ಟೆ. ಅಡುಗೆಮನೆಯ ಕ್ಯಾಲೆಂಡರ್ ಫೋಟೋ ತೆಗೆದು ತಾ ಎಂದೆ. ಶಿಫ್ಟಿನ ಮನೆಗಳಲ್ಲಿ ನಾನು ಇದನ್ನು ಕೇಳುವುದುಂಟು, ಬಾಯಲ್ಲಿ ಬಾರದ್ದು ಅಲ್ಲಿ ಸಿಗುತ್ತದೆ. ಫೋಟೋದಲ್ಲಿ ವೀರೇಶನ ಶಿಫ್ಟು ಪ್ರತಿ ಚೌಕದಲ್ಲೂ ನೀಲಿ ಬಾಲ್‌ಪೆನ್ನಿನಲ್ಲಿ ಇತ್ತು. ಗ್ಯಾಸ್ ಹಚ್ಚಿದ ದಿನ, ಹಾಲು ಬಾರದ ದಿನ, ಮಗಳ ಫೀಸಿನ ಕೊನೆ ದಿನ, ಅತ್ತೆಯ ಏಕಾದಶಿ ಎಲ್ಲವೂ ಇತ್ತು. ಸುಜಾತಳ ಡ್ಯೂಟಿ ಒಂದು ದಿನವೂ ಇರಲಿಲ್ಲ. ಅವಳ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಅವಳ ಫೋನಿನಲ್ಲಿತ್ತು, ಬದಲಾದಾಗಲೆಲ್ಲ ಅಲ್ಲೇ ಬದಲಾಗುತ್ತಿತ್ತು. ಕ್ಲಾಸಂತೂ ಎಲ್ಲೂ ಇರಲಿಲ್ಲ. ಮನೆಯವರಿಗೆ ಆಕೆ ಬರುವ ಹೊತ್ತು ಪ್ರತಿ ಸಂಜೆಯೂ ಹೊಸ ಸುದ್ದಿ.

ವೀರೇಶ ಬಂದದ್ದು ತಡವಾಗಿ, ಸಿ ಶಿಫ್ಟು ಮುಗಿಸಿದ ಬೆಳಿಗ್ಗೆ, ಕಣ್ಣು ಕೆಂಪಾಗಿ. ಮಾತಾಡಲೇಬಾರದೆಂದು ಬಂದಂತಿತ್ತು. ಕ್ಲಾಸಿನ ವಿಷಯ ಎತ್ತದೆ ಅವನ ಮನೆ, ಅಪ್ಪ, ಓದಿನ ಬಗ್ಗೆ ಕೇಳುತ್ತ ಹೋದೆ. ಅಪ್ಪನಿಗೆ ಸಾಲದ ಲಾರಿ ಇತ್ತು, ಅದಿರು ಹೊಡೆಯುತ್ತಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗ ಅವನು ಪಿಯುಸಿ. ಅಕ್ರಮ ಗಣಿಗಾರಿಕೆ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಂತ ಮರುದಿನದಿಂದ ಕಂತು ನಿಲ್ಲಲಿಲ್ಲ. ಲಾರಿ ಮನೆ ಮುಂದೆ ನಿಂತು ಟೈರು ಬಿರಿಯಿತು, ಕೊನೆಗೆ ಫೈನಾನ್ಸಿನವರು ಎಳೆದುಕೊಂಡು ಹೋದರು. ತಾಯಿ ಜೀನ್ಸ್ ಘಟಕದಿಂದ ಗಂಟು ತಂದು ಮನೆಯಲ್ಲಿ ದಾರ ಕತ್ತರಿಸುವ ಕೆಲಸ ಹಿಡಿದರು. ಅಪ್ಪ ಅದರ ಬಗ್ಗೆ ಒಂದು ದಿನವೂ ಮಾತಾಡದೆ ತೀರಿಕೊಂಡರು.

"ಮನ್ಯಾಗ ಯಾರೂ 'ಕೆಲಸ ಹೋದ್ರ ಏನ್ಮಾಡೋದು' ಅನ್ನಬಾರದು ಮೇಡಂ. ಅಕಿ ಆ ಪುಸ್ತಕ ಹಿಡಕೊಂಡು ಕೂತ್ರ ನನಗ ಅದೇ ಕೇಳಿಸ್ತದ."

ಆಮೇಲೆ ಒಗ್ಗರಣಿ ಅಂಗಡಿಯ ಮಾತು ತಾನಾಗಿಯೇ ಬಂತು. ಕರೆದುಕೊಂಡು ಬರೋಣ ಎಂದು ಹೋಗಿದ್ದೆ ಎಂದ. ಸ್ವಲ್ಪ ಸುಮ್ಮನಿದ್ದು, "ಅನುಮಾನಾನೂ ಇತ್ರಿ, ಇಲ್ಲ ಅಂದ್ರ ಸುಳ್ಳಾಗ್ತದ" ಎಂದ. ಮೇಲೆ ಎಲ್ಲ ಕಾಲೇಜು ಹುಡುಗ ಹುಡುಗಿಯರು, ನಡುವೆ ಹೆಂಡತಿ ಏನೋ ಹೇಳಿ ನಗುತ್ತಿದ್ದಳು. ಆ ನಗು ಮನೆಯಲ್ಲಿ ನೋಡಿ ಎಷ್ಟು ದಿನವಾಯಿತು ಅನ್ನಿಸಿ ಬೈಕ್ ತಿರುಗಿಸಿಕೊಂಡು ಹೋದನಂತೆ. ಈ ಮಾತನ್ನು ನೀವೇ ಆಕೆಗೆ ಹೇಳಬೇಕು, ನಾನು ದಾಟಿಸುವುದಿಲ್ಲ ಎಂದೆ. ಜಂಟಿಯಾಗಿ ಕೂತ ದಿನ ಹೇಳಿದ. ಅನುಮಾನದ ಭಾಗ ಕೇಳಿ ಸುಜಾತ ಸಿಟ್ಟಾದಳು, ಸಿಟ್ಟಾಗಬೇಕಾದ್ದೇ. ಅದನ್ನು ಬೇಗ ತಣಿಸಲು ನಾನು ಹೋಗಲಿಲ್ಲ.

ಈಗ ಸಲಹೆಯ ವಿಷಯ. ಕ್ಲಾಸು ಬಿಡಬೇಕೋ ಬೇಡವೋ ಎಂಬುದು ಚರ್ಚೆಯಲ್ಲೇ ಇರಬಾರದು ಎಂದು ಮೊದಲೇ ಇಬ್ಬರಿಗೂ ಸ್ಪಷ್ಟವಾಗಿ ಹೇಳಿದೆ. ನಮ್ಮ ಕಡೆ ಹೆಣ್ಣುಮಗಳ ಓದು ಯಾವಾಗಲೂ ಎಲ್ಲರಿಗಿಂತ ಮೊದಲು ಕತ್ತರಿಸುವ ಖರ್ಚು. ಜಗಳ ನಿಲ್ಲಿಸಲು ಅದನ್ನು ಬಲಿ ಕೊಟ್ಟರೆ ಜಗಳ ಬೇರೆ ಹೆಸರಿನಲ್ಲಿ ಬರುತ್ತದೆ. ಬದಲಿಸಬೇಕಾದ್ದು ಕ್ಲಾಸಿನ ಸುತ್ತಲಿನ ವ್ಯವಸ್ಥೆಯನ್ನು.

ಸುಜಾತಳ ಡ್ಯೂಟಿ ಮತ್ತು ಕ್ಲಾಸು ಎರಡೂ ಅದೇ ಕ್ಯಾಲೆಂಡರಿಗೆ, ಬೇರೆ ಬಣ್ಣದಲ್ಲಿ, ರೋಸ್ಟರ್ ಬಂದ ದಿನವೇ ಏರಬೇಕು. ಬರೆಯುವುದು ವೀರೇಶ, ಹೇಳುವುದು ಸುಜಾತ. ಅವನ ಕೈಯಲ್ಲೇ ಬರೆಸಿದ್ದಕ್ಕೆ ಕಾರಣವಿದೆ: ತಾನು ಬರೆದದ್ದನ್ನು ಮನುಷ್ಯ ಗೊತ್ತಿರಲಿಲ್ಲ ಎನ್ನಲಾರ. ವಿಮಾನ ತಡವಾದರೆ ಸುದ್ದಿ ಹೋಗಬೇಕಾದ್ದು ಕಾರ್ಖಾನೆಯೊಳಗಿರುವ ಗಂಡನಿಗಲ್ಲ, ಮಗು ನೋಡಿಕೊಳ್ಳುತ್ತಿರುವ ಅತ್ತೆಗೆ. ಉದ್ದದ ವಿವರಣೆ ಬೇಡ, ಎಷ್ಟು ಗಂಟೆಗೆ ಬರುತ್ತೇನೆ ಅನ್ನುವುದೊಂದೇ ಸಾಕು. ಅತ್ತೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಓದುವ ಸೊಸೆಗೆ ಅತ್ತೆ ಅಡ್ಡ ಎಂಬ ಸಿದ್ಧ ಕಥೆ ಈ ಮನೆಗೆ ಹೊಂದುವುದಿಲ್ಲ. ದಾರ ಕತ್ತರಿಸಿ ಕಣ್ಣು ಮಂಜು ಮಾಡಿಕೊಂಡ ಆ ತಾಯಿ, "ಲೆಕ್ಕ ಬರಿಯೋ ಮಂದಿ ಫ್ಯಾನಿನ ಕೆಳಗ ಕುಂತಿರ್ತಿದ್ರು, ಕಲೀಲಿ ಬಿಡ್ರಿ" ಎಂದರು.

ಬಾಗಿಲಲ್ಲಿ ಜಗಳ ಬೇಡ ಎಂದದ್ದು ಕೇಳಲು ಸಣ್ಣದು, ನಡೆಸುವುದು ಕಷ್ಟ. ಒಬ್ಬರು ಹೊರಡುವಾಗ, ಒಬ್ಬರು ಬಂದ ಅರ್ಧ ಗಂಟೆಯೊಳಗೆ, ಒಬ್ಬರು ನಿದ್ದೆಯಿಂದ ಎದ್ದ ಕೂಡಲೇ ದುಡ್ಡು, ಕ್ಲಾಸು, ತವರು ಈ ಮೂರು ವಿಷಯ ತೆಗೆಯುವಂತಿಲ್ಲ. ರಾತ್ರಿ ಪಾಳಿಯವರ ಹಗಲು ನಿದ್ದೆ ಕಡಿಮೆಯೂ ಹೌದು, ತೆಳುವೂ ಹೌದು. ದೇಹದ ಗಡಿಯಾರ ಬೆಳಕಿಗೆ ಓಗೊಡುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಕಿಟಕಿಗೆ ದಪ್ಪ ಪರದೆ, ಶಿಫ್ಟಿನ ಕೊನೆಯ ಗಂಟೆಗಳಲ್ಲಿ ಚಹಾ ಬಿಡುವುದು, ಮನೆಗೆ ಬಂದವನೇ ಮೊಬೈಲು ಹಿಡಿಯದೆ ಮಲಗುವುದು. ಸುಜಾತಗೆ ನಾಲ್ಕಕ್ಕೆ ಏಳುವ ದಿನಗಳಲ್ಲಿ ಮಧ್ಯಾಹ್ನ ಇಪ್ಪತ್ತು ನಿಮಿಷದ ನಿದ್ದೆ, ಆ ರಾತ್ರಿ ಪುಸ್ತಕ ಮುಟ್ಟದಿರುವುದು. ಇಬ್ಬರಿಗೂ ಖಿನ್ನತೆಯ ಲಕ್ಷಣ ಇರಲಿಲ್ಲ, ನಿದ್ದೆ ಸಾಲದ ಸಿಡುಕಿತ್ತು. ಆದರೂ ವೀರೇಶನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟೆ. ಉಚಿತ ಕರೆ, ಕನ್ನಡದಲ್ಲೂ ಮಾತಾಡಬಹುದು, ದಿನದ 24 ಗಂಟೆಯೂ ಇರುತ್ತದೆ. ನಡುರಾತ್ರಿ ಪಾಳಿಯ ಬಿಡುವಿನಲ್ಲಿ ಮನಸ್ಸು ಎಲ್ಲಿಗೋ ಹೋಗುತ್ತದೆ ಎಂದು ಅವನೇ ಹೇಳಿದ್ದ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು ದುಡ್ಡಿನ ಹಾಳೆ. ಸುಜಾತಳ ಸಂಬಳ ನಾಳೆ ನಿಂತರೆ ಏನಾಗುತ್ತದೆ ಎಂದು ಇಬ್ಬರೂ ಕೂತು ಬರೆಯಬೇಕು, ಬಾಡಿಗೆ, ಬೈಕಿನ ಕಂತು, ಶಾಲೆ ಫೀಸು, ಔಷಧಿ ಸಮೇತ. ವೀರೇಶ ಇದನ್ನು ಎರಡು ಸಲ ಮುಂದೂಡಿದ. ಕೊನೆಗೆ ಬರೆದಾಗ ಕೊರತೆ ಅವನು ಒಳಗೊಳಗೇ ಹೆದರಿದ್ದಷ್ಟು ದೊಡ್ಡದಾಗಿರಲಿಲ್ಲ. ಸುಜಾತಳ ಟ್ಯಾಲಿಯೊಂದೇ ಅದನ್ನು ತುಂಬುವಂತೆಯೂ ಇರಲಿಲ್ಲ, ಅದು ಅವಳಿಗೆ ಸ್ವಲ್ಪ ಪೆಟ್ಟು ಕೊಟ್ಟಿತು. ಬಸ್ ಚಾರ್ಜಿನ ಡಬ್ಬಿಯ ವಿಷಯ ಆ ದಿನವೇ ಹೊರಬಿತ್ತು. ಕಂಡದ್ದನ್ನೆಲ್ಲ ಬರೆದಿಟ್ಟ ಮೇಲೆ, ತನ್ನ ಓವರ್‌ಟೈಮಿನ ದುಡ್ಡಲ್ಲಿ ಒಂದು ಪಾಲನ್ನು ಪ್ರತ್ಯೇಕ ಖಾತೆಗೆ ಹಾಕುತ್ತೇನೆ ಎಂದು ಅವನಾಗಿಯೇ ಹೇಳಿದ.

ನಡುವೆ ಸುಜಾತಳ ಅಣ್ಣ ಫೋನ್ ಮಾಡಿದ. "ನೀವು ಒಂದು ಮಾತು ಹೇಳಿದ್ರ ಕೇಳ್ತಾಳ್ರಿ, ಮನಿ ಉಳೀಲಿ, ಕ್ಲಾಸು ಬಿಡು ಅನ್ರಿ." ಅವರು ನನ್ನ ಹತ್ತಿರ ಬರುತ್ತಾರೋ ಇಲ್ಲವೋ ಎಂಬುದನ್ನೇ ಹೇಳುವ ಹಕ್ಕು ನನಗಿಲ್ಲ ಎಂದು ಫೋನ್ ಇಟ್ಟೆ. ಆತನಿಗೆ ಬೇಸರವಾಗಿದೆ ಎಂದು ಕೇಳಿದ್ದೇನೆ, ಆಗಲಿ.

ತಪ್ಪಿದ ಕ್ಲಾಸುಗಳಿಗೆ ಒಂದು ದಾರಿ ಸಿಕ್ಕಿದೆ. ಕಲಿಸುವವರನ್ನು ನೇರವಾಗಿ ಕೇಳಿಕೊಂಡಳು, ವಿಮಾನ ತಡವಾದ ವಾರ ಭಾನುವಾರದ ಬ್ಯಾಚಿನಲ್ಲಿ ಕೂರಲು ಒಪ್ಪಿದ್ದಾರೆ. ಪರೀಕ್ಷೆಯ ದಿನಕ್ಕೆ ಸಹೋದ್ಯೋಗಿಯೊಬ್ಬಳ ಜೊತೆ ಡ್ಯೂಟಿ ಅದಲುಬದಲು ಮಾಡಿಕೊಂಡಳು. ಈಗ ಕೋರ್ಸು ಮುಗಿದು ಒಂದು ಸಣ್ಣ ಜೀನ್ಸ್ ಘಟಕದ ಲೆಕ್ಕ ಬರೆಯುತ್ತಿದ್ದಾಳೆ, ವಿಮಾನದ ಕೆಲಸವೂ ಇದೆ. 20ನೇ ತಾರೀಖೇ ಬೆಳಗಿನ ಡ್ಯೂಟಿ ಬಿದ್ದು ಒಮ್ಮೆ ಪರದಾಡಿದ್ದಾಳೆ. ಬಾಗಿಲ ಜಗಳ ಕಡಿಮೆಯಾಗಿದೆ, ನಿಂತಿಲ್ಲ. ದುಡ್ಡಿನ ಹಾಳೆಯನ್ನು ಮೂರು ತಿಂಗಳಿಗೊಮ್ಮೆ ತೆಗೆಯಬೇಕಿತ್ತು, ಮತ್ತೆ ತೆಗೆದಿಲ್ಲ. ಅಪ್ಪನ ವಿಷಯವಾಗಿ ಒಬ್ಬನೇ ಬಂದು ಮಾತಾಡಲು ವೀರೇಶನನ್ನು ಕರೆದಿದ್ದೇನೆ, "ನೋಡೋಣ್ರಿ" ಅಂದಿದ್ದಾನೆ. ಅರ್ಧಕ್ಕೆ ನಿಂತ ಬಿ.ಕಾಂ. ಮುಗಿಸುವ ಮಾತನ್ನು ಸುಜಾತ ಈ ಸಲ ಫಾರಂ ತರುವ ಮೊದಲೇ ಮನೆಯಲ್ಲಿ ಎತ್ತಿದ್ದಾಳೆ. ಫೀಸು ಎಷ್ಟು, ಪರೀಕ್ಷೆ ಯಾವ ತಿಂಗಳು ಎಂದು ಅವನು ಕೇಳಿದ್ದಾನಂತೆ. ಹೂಂ ಎಂದಿಲ್ಲ, ಬೇಡವೆಂದೂ ಹೇಳಿಲ್ಲ.