ಆಪ್ತಸಲಹೆ ಪ್ರಕರಣ: ಎರಡು ತೂಬಿನ ನಡುವೆ ಕಿಡ್ನಿ

ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಕೊಪ್ಪರಿಗೆ ಮುಂದೆ ದುಡಿಯುವ, ಐವತ್ತು ದಾಟಿದ ವ್ಯಕ್ತಿ. ಗುರುತಿನ ವಿವರ ಬದಲಿಸಿದೆ. ಬಿ.ಪಿ.ಗೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ, ಹೈಡ್ರೋಕ್ಲೋರೋಥಯಾಜೈಡ್ 12.5 ಮಿ.ಗ್ರಾಂ ಸೇರಿದ ಒಂದೇ ಮಾತ್ರೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್, ರಕ್ತದಲ್ಲಿ 1.1ರಿಂದ 1.6ಕ್ಕೆ ಏರಿತ್ತು. ‘ಬಿ.ಪಿ. ಮಾತ್ರೆ ಕಿಡ್ನಿ ತಿಂದಾಕ್ತದೆ’ ಎಂದು ಯಾರೋ ಹೇಳಿದ್ದೇ ತಡ, ಮಾತ್ರೆ ಬಿಟ್ಟರು. ಇಪ್ಪತ್ತು ದಿನಕ್ಕೆ ಬಿ.ಪಿ. 172/104.

ಚೀಟಿಯಲ್ಲಿ ಇಲ್ಲದ್ದು ಅಂಗಿ ಜೇಬಿನಲ್ಲಿತ್ತು: ಮಂಡಿನೋವಿಗೆ ಡೈಕ್ಲೋಫೆನಾಕ್ 50, ದಿನಕ್ಕೆರಡು. ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ಉಳಿದದ್ದು ಮೂರು.

ಅವರಿಗೆ ಗದ್ದೆಯ ಲೆಕ್ಕದಲ್ಲೇ ಹೇಳಿದೆವು. ಕಿಡ್ನಿಯ ಪ್ರತಿ ಜರಡಿಗೂ ರಕ್ತ ಒಳಬರಲು ಒಂದು ತೂಬು, ಹೊರಹೋಗಲು ಒಂದು ತೂಬು. ಟೆಲ್ಮಿಸಾರ್ಟನ್, ರಕ್ತನಾಳ ಬಿಗಿಯುವ ಆಂಜಿಯೋಟೆನ್ಸಿನ್ನನ್ನು ತಡೆದು ಹೊರತೂಬನ್ನು ಸಡಿಲಿಸುತ್ತದೆ. ಜರಡಿಯೊಳಗಿನ ಒತ್ತಡ ಇಳಿಯುತ್ತದೆ. ಅದರಿಂದ ಕ್ರಿಯಾಟಿನಿನ್ ತುಸು ಏರಬಹುದು. ಶೇ 30ರೊಳಗೆ ಏರಿ ನಿಂತರೆ ಸಾಮಾನ್ಯವಾಗಿ ಮಾತ್ರೆ ಬಿಡಬೇಕಿಲ್ಲ. ಜರಡಿಯನ್ನು ವರ್ಷಗಟ್ಟಲೆ ಕಾಪಾಡುವುದೂ ಆ ಒತ್ತಡದ ಇಳಿಕೆಯೇ. ಇಲ್ಲಿ ಏರಿದ್ದು ಶೇ 45. ಡೈಕ್ಲೋಫೆನಾಕ್ ಒಳತೂಬನ್ನು ಬಿಗಿದಿತ್ತು. ಬಿ.ಪಿ. ಮಾತ್ರೆಯಲ್ಲೇ ಇದ್ದ ಥಯಾಜೈಡ್, ಮೈಯ ಉಪ್ಪನ್ನೂ ನೀರನ್ನೂ ಮೂತ್ರಕ್ಕೆ ಬಿಟ್ಟಿತ್ತು. ಒಲೆಯ ಕಾವಿಗೆ ಬೆವರು ಬೇರೆ. ನಾಲೆಯಲ್ಲೇ ನೀರಿಲ್ಲ, ಒಳತೂಬು ಬಿಗಿ, ಹೊರತೂಬು ತೆರೆದೇ ಇದೆ. ಗದ್ದೆಯಲ್ಲಿ ನೀರು ನಿಲ್ಲುವುದೆಲ್ಲಿ? ಬಿ.ಪಿ. ಮಾತ್ರೆಯೊಂದನ್ನೇ ದೂರಿದ್ದು ಅನ್ಯಾಯ.

ವೈದ್ಯರು ಡೈಕ್ಲೋಫೆನಾಕ್ ನಿಲ್ಲಿಸಿ, ನೋವಿಗೆ ಪ್ಯಾರಾಸಿಟಮಾಲ್ ಬರೆದರು. ಬೆವರುವ ಕೆಲಸವಾದ್ದರಿಂದ ಥಯಾಜೈಡ್ ತೆಗೆದು, ಟೆಲ್ಮಿಸಾರ್ಟನ್ ಜತೆ ಬಿ.ಪಿ.ಯ ಇನ್ನೊಂದು ಔಷಧಿ ಆಮ್ಲೋಡಿಪಿನ್ 5 ಕೊಟ್ಟರು. ಇದರಿಂದ ಪಾದ ಊದಿದರೆ ತಾವೇ ಮಾತ್ರೆ ಬಿಡದೆ ಬಂದು ತೋರಿಸಲು ಹೇಳಿದೆವು.

ಅವರ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟು. ವಾಂತಿ ಭೇದಿ ಹಿಡಿದ ದಿನ ಕಾಯದೆ ವೈದ್ಯರಿಗೆ ಫೋನ್ ಮಾಡಿ; ಟೆಲ್ಮಿಸಾರ್ಟನ್ ಒಂದೆರಡು ದಿನ ನಿಲ್ಲಿಸಬೇಕಾಗಬಹುದು. ಸರಿಹೋಗಿ ಊಟ ನೀರು ಸೇರಿದ ಮೇಲೆ ಮತ್ತೆ ಶುರುಮಾಡುವುದನ್ನು ಮರೆಯಬೇಡಿ, ಬಹಳ ಜನ ಎಡವುವುದು ಅಲ್ಲೇ. ‘ಕಡಿಮೆ ಸೋಡಿಯಂ’ ಉಪ್ಪು ತರಬೇಡಿ. ಅದರಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್. ಟೆಲ್ಮಿಸಾರ್ಟನ್ ಇರುವಾಗ ಪೊಟ್ಯಾಸಿಯಂ ಸುಲಭವಾಗಿ ಹೊರಹೋಗುವುದಿಲ್ಲ, ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಎಳನೀರಿನಲ್ಲೂ ಪೊಟ್ಯಾಸಿಯಂ ಹೆಚ್ಚು; ಮದ್ದೂರು ಸೀಮೆಯವರಿಗೆ ಅದು ಬೇಡವೆನ್ನುವುದು ಕಷ್ಟ. ಆದರೂ ರಕ್ತಪರೀಕ್ಷೆಯ ಫಲ ಬರುವವರೆಗೆ ದಿನಕ್ಕೆ ಮೂರು ನಾಲ್ಕು ಕುಡಿಯುವುದು ಬೇಡ, ಬಾಯಾರಿಕೆಗೆ ನೀರೇ ಸಾಕು.

ಎರಡು ವಾರದ ಮೇಲೆ ಕ್ರಿಯಾಟಿನಿನ್ 1.2, ಪೊಟ್ಯಾಸಿಯಂ 4.7, ಬಿ.ಪಿ. 136/84. ಮಂಡಿನೋವು ಇನ್ನೂ ಇದೆ; ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ಕಳಿಸಲಾಗಿದೆ.