ಒಬ್ಬರೇ ಯಾಕೆ ಒದ್ದಾಡುತ್ತೀರಿ?

ಪ್ರಶ್ನೆ: ಮೂರು ಸಲ ತೂಕ ಇಳಿಸಿದೆ, ಮೂರು ಸಲವೂ ವಾಪಸ್ ಬಂತು. ಗೆಳತಿ ತಮ್ಮ ತೂಕ ಇಳಿಸುವವರ ಗುಂಪಿಗೆ ಸೇರು ಅನ್ನುತ್ತಾಳೆ. ಹತ್ತು ಜನರ ಮುಂದೆ ಹೇಳಿಕೊಂಡರೆ ತೂಕ ಇಳಿಯುತ್ತಾ? ನಾಚಿಕೆಯಾಗುತ್ತೆ.

ಉತ್ತರ: ಆ ನಾಚಿಕೆ ನನಗೂ ಗೊತ್ತು. ಇಂಥದ್ದೇ ಗುಂಪಿಗೆ ಹೋದ ಮೊದಲ ದಿನ ನಾನು ಬ್ಯಾಗನ್ನು ಎದೆಗೆ ಅವುಚಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಆಗ ಒಬ್ಬರು, "ನಿನ್ನೆ ರಾತ್ರಿ ಲೈಟ್ ಹಾಕದೆ ಫ್ರಿಜ್ ಮುಂದೆ ನಿಂತು ತಿಂದೆ" ಅಂದರು. ನನ್ನ ಕಣ್ಣು ತುಂಬಿತು. ಅದು ನಾನು ಯಾರಿಗೂ ಹೇಳದ ಮಾತು! ಯಾರೂ ಬೈಯಲಿಲ್ಲ. "ಅದಕ್ಕೂ ಮುಂಚೆ ಏನಾಗಿತ್ತು?" ಅಂತ ಮಾತ್ರ ಕೇಳಿದರು.

ನ್ಯೂಯಾರ್ಕ್‌ನ ಜೀನ್ ನಿಡೆಚ್ ಎಂಬ ಮಹಿಳೆ 1961ರಲ್ಲಿ ಗೆಳತಿಯರನ್ನು ಮನೆಗೆ ಕರೆದು, ತಾವು ಕದ್ದುಮುಚ್ಚಿ ಬಿಸ್ಕೆಟ್ ತಿನ್ನುವುದನ್ನು ಹೇಳಿಕೊಂಡರು. 1963ರಲ್ಲಿ ಅದೇ ತೂಕ ಇಳಿಸುವವರಿಗೆ ನೆರವಾಗುವ 'ವೇಟ್ ವಾಚರ್ಸ್' ಸಂಸ್ಥೆ ಆಯಿತು.

ತೂಕ ಇಳಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ, ಅಲ್ವಾ? ತೂಕ ಇಳಿದ ಮೇಲೆ ಹಸಿವು ಜಾಸ್ತಿಯಾಗುತ್ತೆ, ದೇಹ ಖರ್ಚು ಮಾಡುವ ಕ್ಯಾಲೊರಿ ಕಡಿಮೆಯಾಗುತ್ತೆ. ತಪ್ಪು ನಿಮ್ಮದಲ್ಲ. ಆ ದಿನಗಳಲ್ಲೇ ಗುಂಪು ಬೇಕು. ನಾನು ಎರಡು ವಾರ ಹೋಗದಿದ್ದಾಗ ಒಬ್ಬರು ಫೋನ್ ಮಾಡಿ, "ತೂಕ ಕೇಳಲ್ಲ, ಸುಮ್ನೆ ಬನ್ನಿ" ಅಂದರು. ಹೋದೆ.

ತೂಕವನ್ನು ಎಲ್ಲರೆದುರು ಓದಿ ಹೇಳುವ, ಪೈಪೋಟಿಗೆ ಇಳಿಸುವ ಗುಂಪು ಬೇಡವೇ ಬೇಡ. ಪುಡಿ, ಮಾತ್ರೆ ಮಾರುವವರ ಹತ್ತಿರವೂ ಹೋಗಬೇಡಿ. ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳುತ್ತಿದ್ದರೆ ಊಟ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ. ಮೊದಲ ಸಲ ಗೆಳತಿಯ ಪಕ್ಕದಲ್ಲೇ ಕೂತುಕೊಳ್ಳಿ, ಬಾಯಿ ಬಿಡದಿದ್ದರೂ ಪರವಾಗಿಲ್ಲ.